ಗ್ರಾಮೀಣ ಯುವಜನರಲ್ಲಿ ಮುಂದಾಳುತನ ಬೆಳೆಸುವುದು ಹೇಗೆ?



ನಿಮ್ಮ ಊರಿನ ಶಾಲೆಯ ಗೋಡೆಯ ಮೇಲೋ, ಹಳೆಯ ಚಾವಡಿಯ ಬಾಗಿಲ ಮೇಲೋ ಬಣ್ಣ ಮಾಸಿದ ಒಂದು ಫಲಕ ತೂಗುತ್ತಿರಬಹುದು. ಯುವಕ ಸಂಘದ ಹೆಸರು, ಸ್ಥಾಪನೆಯಾದ ವರ್ಷ, ನೋಂದಣಿ ಸಂಖ್ಯೆ ಎಲ್ಲವೂ ಅದರ ಮೇಲಿರುತ್ತವೆ. ಸಂಘ ಮಾತ್ರ ಇರುವುದಿಲ್ಲ. ಮೊದಲ ವರ್ಷ ಗಣೇಶನ ಹಬ್ಬ, ರಾಜ್ಯೋತ್ಸವ, ಒಂದು ಶ್ರಮದಾನ ವಿಜೃಂಭಣೆಯಿಂದ ನಡೆದಿರುತ್ತವೆ. ಎರಡನೆಯ ವರ್ಷ ಸಭೆಗೆ ಐದಾರು ಮಂದಿ ಬಂದಿರುತ್ತಾರೆ. ಮೂರನೆಯ ವರ್ಷಕ್ಕೆ ಉಳಿಯುವುದು ಯಾರದೋ ಮನೆಯ ಗೂಡಿನಲ್ಲಿರುವ ರಬ್ಬರ್ ಮೊಹರು ಒಂದೇ.

ಕಾರಣ ವಿಚಾರಿಸಿದರೆ "ನಮ್ಮೂರಲ್ಲಿ ಒಗ್ಗಟ್ಟಿಲ್ಲ ಸ್ವಾಮಿ" ಎಂಬ ಉತ್ತರ ಬರುತ್ತದೆ. ಈ ಉತ್ತರ ಅರ್ಧ ಮಾತ್ರ ಸರಿ. ಒಗ್ಗಟ್ಟಿರುವ ಊರುಗಳಲ್ಲೂ ಸಂಘಗಳು ನಿಂತುಹೋಗಿವೆ. ಸ್ವಲ್ಪ ಕೆದಕಿ ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. ತಾಲ್ಲೂಕು ಕಚೇರಿಗೆ ಹೋಗಿ ಬರುತ್ತಿದ್ದವನು ಒಬ್ಬನೇ. ಬ್ಯಾಂಕಿನವರ ಪರಿಚಯವಿದ್ದವನೂ ಅವನೇ. ಲೆಕ್ಕ ಬರೆಯುವವನೂ, ಭಾಷಣ ಮಾಡುವವನೂ, ಪಂಪ್‌ಸೆಟ್ ರಿಪೇರಿಗೆ ಓಡುವವನೂ ಅವನೇ. ಅವನಿಗೆ ಪಟ್ಟಣದಲ್ಲಿ ಕೆಲಸ ಸಿಕ್ಕಿತು, ಇಲ್ಲವೇ ಮನೆಯಲ್ಲಿ ಪಾಲಾಯಿತು, ಇಲ್ಲವೇ ಪಂಚಾಯಿತಿ ಚುನಾವಣೆಯಲ್ಲಿ ಸೋತು ಮುನಿಸಿಕೊಂಡ. ಅಲ್ಲಿಗೆ ಸಂಘವೂ ಮುಗಿಯಿತು. ಇಂಥ ಉತ್ಸಾಹಿಯನ್ನು ಊರವರು ಹೊಗಳುತ್ತಾರೆ, ಹೊಗಳಬೇಕಾದದ್ದೇ. ಆದರೆ ತನ್ನ ಜೊತೆಗೆ ಎರಡನೆಯವನನ್ನೂ ಮೂರನೆಯವಳನ್ನೂ ಬೆಳೆಸದಿದ್ದುದು ಅವನ ಕೊರತೆ. ಆ ಇಬ್ಬರನ್ನು ಬೆಳೆಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಹೊಣೆ ಹೊತ್ತವರು ಕಣ್ಣು ತೆರೆಯುತ್ತಾರೆ

ಯಜಮಾನಿಕೆ ಬೇರೆ, ಮುಂದಾಳುತನ ಬೇರೆ. ಯಜಮಾನಿಕೆ ಮನೆತನದಿಂದಲೂ ಜಮೀನಿನಿಂದಲೂ ಬರಬಹುದು. ಮುಂದಾಳುತನ ಮಾತ್ರ ಹೊಣೆ ಹೊತ್ತು ಕೆಲಸ ಮಾಡಿದವರಿಗೆ ಬರುತ್ತದೆ. ಇದಕ್ಕೆ ನಮ್ಮ ನಾಡಿನದೇ ಹಳೆಯ ಉದಾಹರಣೆಯೊಂದಿದೆ. ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪನೆಯಾಯಿತು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂಬ ಹೆಗ್ಗಳಿಕೆ ಈ ಊರಿನದು. ಪಾಟೀಲರು ಊರಿನ ದೊಡ್ಡವರು, ಅದು ನಿಜ. ಆದರೆ ಇಲ್ಲಿ ನಾವು ಗಮನಿಸಬೇಕಾದ ಅಂಶ ಬೇರೆ. 1904ರ ಸಹಕಾರಿ ಕಾಯಿದೆಯಂತೆ ಗ್ರಾಮೀಣ ಪತ್ತಿನ ಸಂಘಗಳ ಸದಸ್ಯರ ಹೊಣೆ ಅಪರಿಮಿತವಾಗಿತ್ತು. ಒಬ್ಬನು ಸಾಲ ತೀರಿಸದೆ ಸಂಘಕ್ಕೆ ನಷ್ಟವಾದರೆ ಉಳಿದ ಸದಸ್ಯರೆಲ್ಲರೂ ಅದನ್ನು ಹೊರಬೇಕು. ಇಂಥ ಕಟ್ಟಿನಲ್ಲಿ ಸಾಲ ಕೇಳಿದವನ ಹೊಲ ಎಂಥದು, ಎತ್ತುಗಳು ಹೇಗಿವೆ, ಹಿಂದಿನ ಮಾತು ಉಳಿಸಿಕೊಂಡಿದ್ದಾನೆಯೇ ಎಂದು ಸಾಮಾನ್ಯ ಸದಸ್ಯನೂ ಯೋಚಿಸಲೇಬೇಕಾಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಏನಿದೆ ಎಂದು ಕೇಳಲೇಬೇಕಾಗುತ್ತದೆ.

ಇಂದು ನಮ್ಮ ಯುವಕ ಸಂಘಗಳಲ್ಲಿ ನಾವು ಯುವಕರಿಗೆ ಕೊಡುವ ಕೆಲಸ ಯಾವುದು? ಕುರ್ಚಿ ಜೋಡಿಸುವುದು, ತೋರಣ ಕಟ್ಟುವುದು, ಅತಿಥಿಗಳಿಗೆ ಹಾರ ತರುವುದು. ತಪ್ಪಿದರೆ ಯಾರಿಗೂ ನಷ್ಟವಾಗದ ಕೆಲಸಗಳಿವು. ಇವುಗಳಿಂದ ಕೈ ಚುರುಕಾಗಬಹುದು. ತೀರ್ಮಾನಿಸುವ ಶಕ್ತಿ ಬೆಳೆಯುವುದಿಲ್ಲ.

ಸಂಪರ್ಕ ರೈತನಿಂದ ಕ್ಷೇತ್ರ ಪಾಠಶಾಲೆಗೆ

ಕೃಷಿ ವಿಸ್ತರಣೆಯ ಕ್ಷೇತ್ರವೂ ಈ ಪಾಠವನ್ನು ತಡವಾಗಿಯೇ ಕಲಿಯಿತು. 1970ರ ದಶಕದ ಕೊನೆಯಿಂದ ದೇಶದ ಹಲವು ರಾಜ್ಯಗಳಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ 'ತರಬೇತಿ ಮತ್ತು ಭೇಟಿ' ಪದ್ಧತಿ ಜಾರಿಗೆ ಬಂದಿತು. ಗ್ರಾಮ ಮಟ್ಟದ ಕಾರ್ಯಕರ್ತರು ಹದಿನೈದು ದಿನಕ್ಕೊಮ್ಮೆ ಗೊತ್ತಾದ ದಿನದಂದು ಊರಿಗೆ ಬಂದು ಆಯ್ದ 'ಸಂಪರ್ಕ ರೈತ'ರಿಗೆ ಹೊಸ ವಿಷಯ ತಿಳಿಸುವುದು, ಅವರಿಂದ ಅದು ಉಳಿದವರಿಗೆ ಹರಡುವುದು ಎಂಬ ಏರ್ಪಾಡು ಅದು. ಭೇಟಿಯ ಶಿಸ್ತು ಮೆಚ್ಚತಕ್ಕದ್ದೇ. ಆದರೆ ಅನೇಕ ಕಡೆ ಸಂಪರ್ಕ ರೈತರಾಗಿ ಆಯ್ಕೆಯಾದವರು ಹೆಚ್ಚು ಜಮೀನುಳ್ಳವರು. ಕೇಳಿದ ವಿಷಯ ಅವರ ಜಗಲಿಯಿಂದ ಕೆಳಗಿಳಿಯಲಿಲ್ಲ. ಕಾಲುವೆಯ ಮೇಲ್ಭಾಗದವನು ನೀರು ಬಿಡದಿದ್ದರೆ ಬಾಲಭಾಗದವನಿಗೆ ಏನು ಸಿಗುತ್ತದೆಯೋ ಅಷ್ಟೇ ಉಳಿದವರಿಗೆ ಸಿಕ್ಕಿತು.

ಇದಕ್ಕೆ ಬೇರೆಯಾದ ದಾರಿ ಇಂಡೋನೇಷ್ಯಾ ದೇಶದ ಭತ್ತದ ಗದ್ದೆಗಳಲ್ಲಿ ಮೂಡಿತು. ತುಂಗಭದ್ರಾ ಅಚ್ಚುಕಟ್ಟಿನ ಭತ್ತದ ಬೆಳೆಗಾರರಿಗೆ ಕಂದು ಜಿಗಿಹುಳುವಿನ ಪರಿಚಯ ಚೆನ್ನಾಗಿಯೇ ಇದೆ. ಇದೇ ಹುಳು ಇಂಡೋನೇಷ್ಯಾದಲ್ಲೂ ಹಾವಳಿ ಎಬ್ಬಿಸಿತ್ತು. ಸಿಂಪರಣೆ ಹೆಚ್ಚಿದಷ್ಟೂ ಜೇಡ ಮೊದಲಾದ ಮಿತ್ರ ಜೀವಿಗಳು ಸತ್ತು ಹುಳುವಿನ ಸಂಖ್ಯೆಯೇ ಹೆಚ್ಚುತ್ತಿದೆ ಎಂಬುದು ಖಚಿತವಾದಾಗ, ಅಲ್ಲಿಯ ಸರ್ಕಾರ 1986ರಲ್ಲಿ ಭತ್ತಕ್ಕೆ ಬಳಸುತ್ತಿದ್ದ 57 ಕೀಟನಾಶಕಗಳನ್ನು ನಿಷೇಧಿಸಿತು. ಆದರೆ ಸಿಂಪಡಿಸಬೇಕೇ ಬೇಡವೇ ಎಂಬುದನ್ನು ಪ್ರತಿ ಗದ್ದೆಯಲ್ಲೂ ತೀರ್ಮಾನಿಸುವವರು ಯಾರು? ರೈತರೇ ತೀರ್ಮಾನಿಸಬೇಕು. ಅದಕ್ಕಾಗಿ 1989ರಲ್ಲಿ ರೈತರ ಕ್ಷೇತ್ರ ಪಾಠಶಾಲೆಗಳು ಅಲ್ಲಿ ಆರಂಭವಾದವು.

ಈ ಪಾಠಶಾಲೆ ನಡೆಯುವ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡೋಣ. ಸುಮಾರು 25 ಮಂದಿ ರೈತರು ಒಂದು ಬೆಳೆಯ ಅವಧಿಯುದ್ದಕ್ಕೂ ವಾರಕ್ಕೊಮ್ಮೆ ಬೆಳಿಗ್ಗೆ ಗದ್ದೆಯಲ್ಲಿ ಸೇರುತ್ತಾರೆ. ಐದೈದು ಜನರ ಗುಂಪುಗಳಾಗಿ ಗದ್ದೆಗಿಳಿದು ತೆಂಡೆಗಳನ್ನು ಎಣಿಸುತ್ತಾರೆ, ಹುಳುಗಳನ್ನೂ ಜೇಡ, ಗುಲಗಂಜಿ ಹುಳುಗಳನ್ನೂ ಲೆಕ್ಕ ಹಾಕುತ್ತಾರೆ, ನೀರು ಮತ್ತು ಹವೆಯನ್ನು ಗಮನಿಸುತ್ತಾರೆ. ಆಮೇಲೆ ಮರದ ನೆರಳಿನಲ್ಲಿ ಕುಳಿತು ಕಂಡದ್ದನ್ನು ದೊಡ್ಡ ಹಾಳೆಯ ಮೇಲೆ ಚಿತ್ರವಾಗಿ ಬರೆಯುತ್ತಾರೆ. ಪ್ರತಿ ಗುಂಪಿನಿಂದ ಒಬ್ಬರು ಎದ್ದು ನಿಂತು ಆ ಚಿತ್ರವನ್ನು ವಿವರಿಸಿ "ಈ ವಾರ ಔಷಧಿ ಬೇಡ, ಕಾರಣ ಹೀಗಿದೆ" ಎಂದು ಹೇಳುತ್ತಾರೆ. ಉಳಿದವರು ಪ್ರಶ್ನಿಸುತ್ತಾರೆ. ಮುಂದಿನ ವಾರ ವಿವರಿಸುವ ಸರದಿ ಬೇರೆಯವರದು. ಕಲಿಸಲು ಬಂದವರು ಉತ್ತರ ಹೇಳಿಬಿಡುವುದಿಲ್ಲ, "ನೀವೇನು ಕಂಡಿರಿ?" ಎಂದು ತಿರುಗಿ ಕೇಳುತ್ತಾರೆ.

ಅಕ್ಷರ ಬಾರದವನಿಗೂ ಹುಳುವಿನ ಚಿತ್ರ ಬರೆಯಲು ಬರುತ್ತದೆ. ಹತ್ತು ಹನ್ನೆರಡು ವಾರಗಳಲ್ಲಿ ಗುಂಪಿನ ಪ್ರತಿಯೊಬ್ಬರೂ ಎರಡು ಮೂರು ಸಲ ಎದ್ದು ನಿಂತು ಮಾತನಾಡಿರುತ್ತಾರೆ, ಪ್ರಶ್ನೆಗೆ ಉತ್ತರ ಕೊಟ್ಟಿರುತ್ತಾರೆ. ಮುಂದಾಳುತನದ ತರಬೇತಿ ಎಂಬ ಹೆಸರೇ ಇಲ್ಲದೆ ಅದು ನಡೆದುಹೋಗುತ್ತದೆ. ಈ ಪದ್ಧತಿ ಈಗ ನಮ್ಮ ರಾಜ್ಯದಲ್ಲೂ ಬಳಕೆಯಲ್ಲಿದೆ. 2009ರಲ್ಲಿ ಆರಂಭವಾದ ಭೂಚೇತನ ಯೋಜನೆಯಲ್ಲಿಯೂ ಊರಿನವರನ್ನೇ 'ರೈತ ಅನುವುಗಾರ'ರನ್ನಾಗಿ ಆರಿಸಿ ಮಣ್ಣು ಪರೀಕ್ಷೆಯ ಫಲಿತಾಂಶ ಮತ್ತು ಲಘು ಪೋಷಕಾಂಶಗಳ ವಿಷಯವನ್ನು ಅವರ ಮೂಲಕ ತಲುಪಿಸಲಾಯಿತು.

ಮೊದಲ ಕೆಲಸ: ಬೀಜದ ಮೊಳಕೆ ಪರೀಕ್ಷೆ

ಯುವಕರಿಗೆ ಮೊದಲು ಕೊಡುವ ಕೆಲಸ ಚಿಕ್ಕದಾಗಿರಲಿ, ಹತ್ತು ದಿನಗಳೊಳಗೆ ಫಲ ಕಾಣುವಂತಿರಲಿ, ಊರಿಗೆ ನಿಜವಾಗಿ ಬೇಕಾದದ್ದಾಗಿರಲಿ. ಮುಂಗಾರಿಗೆ ಮುಂಚೆ ಮನೆಮನೆಯ ಬಿತ್ತನೆ ಬೀಜದ ಮೊಳಕೆ ಪರೀಕ್ಷೆ ಮಾಡುವುದಕ್ಕಿಂತ ಒಳ್ಳೆಯ ಆರಂಭ ಈ ಲೇಖಕನಿಗೆ ತೋಚುವುದಿಲ್ಲ. ಖರ್ಚು ಎನ್ನುವಂಥದ್ದೇನೂ ಇಲ್ಲ.

ಚೀಲದ ಮೇಲೆ, ನಡುವೆ, ತಳದಲ್ಲಿ ಹೀಗೆ ಮೂರು ಕಡೆಯಿಂದ ಬೀಜ ತೆಗೆದು ಬೆರೆಸಿ, ಆರಿಸದೆ 100 ಕಾಳು ಎಣಿಸಿಕೊಳ್ಳಿರಿ. ಗಟ್ಟಿ ಕಾಳುಗಳನ್ನೇ ಆರಿಸಿಕೊಂಡರೆ ಪರೀಕ್ಷೆಗೆ ಅರ್ಥವಿಲ್ಲ. ತೊಳೆದ ಗೋಣಿಯನ್ನು ಒದ್ದೆ ಮಾಡಿ, ಹತ್ತರಂತೆ ಹತ್ತು ಸಾಲು ಇಟ್ಟು, ಮೇಲೆ ಇನ್ನೊಂದು ಒದ್ದೆ ಗೋಣಿ ಮುಚ್ಚಿ, ಸಡಿಲವಾಗಿ ಸುರುಳಿ ಸುತ್ತಿ ನೆರಳಿನಲ್ಲಿಡಿರಿ. ರಾಗಿಯಂತಹ ಸಣ್ಣ ಕಾಳಿಗೆ ಒದ್ದೆ ಬಟ್ಟೆ ಅನುಕೂಲ. ತೇವ ಆರದಂತೆ ದಿನವೂ ನೀರು ಚಿಮುಕಿಸಬೇಕು. ರಾಗಿಗೆ 8 ದಿನ, ಶೇಂಗಾಕ್ಕೆ 10 ದಿನಗಳಾದ ಮೇಲೆ ಬೇರು ಮತ್ತು ಕುಡಿ ಎರಡೂ ಸರಿಯಾಗಿ ಬಂದಿರುವ ಮೊಳಕೆಗಳನ್ನು ಎಣಿಸಿರಿ. ಪ್ರಮಾಣಿತ ಬೀಜಕ್ಕೆ ಇರಬೇಕಾದ ಕನಿಷ್ಠ ಮೊಳಕೆ ಪ್ರಮಾಣ ಭತ್ತಕ್ಕೆ ಶೇಕಡಾ 80, ರಾಗಿ, ಜೋಳ ಮತ್ತು ತೊಗರಿಗೆ 75, ಶೇಂಗಾಕ್ಕೆ 70, ಕಡಲೆಗೆ 85.

ಈಗ ಕೆಲಸದ ಹಂಚಿಕೆ ನೋಡಿರಿ. ಯಾವ ಕೇರಿಯ ಬೀಜ ಯಾರು ತರಬೇಕು, ಯಾರು ಎಣಿಸಬೇಕು, ಯಾವ ಸುರುಳಿ ಯಾರದೆಂದು ಗುರುತು ಬರೆಯುವವರು ಯಾರು, ದಿನವೂ ನೀರು ಚಿಮುಕಿಸುವ ಸರದಿ ಯಾರದು? ಒಂದು ದಿನ ಒಬ್ಬ ಮರೆತರೂ ಪರೀಕ್ಷೆ ಕೆಡುತ್ತದೆ. ಎಲ್ಲಕ್ಕಿಂತ ಕಷ್ಟದ ಕೆಲಸ ಕೊನೆಯದು. ಊರಿನ ಹಿರಿಯ ರೈತರೊಬ್ಬರ ಮನೆಗೆ ಹೋಗಿ ಇಪ್ಪತ್ತು ವರ್ಷದ ಹುಡುಗ "ದೊಡ್ಡಪ್ಪ, ನಿಮ್ಮ ಶೇಂಗಾ ನೂರಕ್ಕೆ ಐವತ್ತೆಂಟೇ ಮೊಳೆತಿದೆ" ಎಂದು ಹೇಳಬೇಕು. ಬಾಯಲ್ಲಿ ಹೇಳಿದರೆ ಜಗಳವಾದೀತು. ಸುರುಳಿಯನ್ನು ಹಾಗೆಯೇ ಎತ್ತಿಕೊಂಡು ಹೋಗಿ ಅವರೆದುರಿಗೇ ಬಿಚ್ಚಿ, ಅವರಿಂದಲೇ ಎಣಿಸಬೇಕು. ಎಣಿಸಿದ ಮೇಲೆ ಬೀಜ ಬದಲಿಸುವುದೋ ಬೀಜದ ಪ್ರಮಾಣ ಹೆಚ್ಚಿಸುವುದೋ ಎಂಬ ಮಾತನ್ನು ಅವರೇ ಎತ್ತುತ್ತಾರೆ. ಹಿರಿಯರ ಮರ್ಯಾದೆಯೂ ಉಳಿಯಿತು, ಸತ್ಯವೂ ಉಳಿಯಿತು. ಇಷ್ಟನ್ನು ನಿಭಾಯಿಸಿದ ಹುಡುಗನಿಗೆ ಮುಂದೆ ಗ್ರಾಮಸಭೆಯಲ್ಲಿ ಮಾತನಾಡಲು ಹೆದರಿಕೆಯಾಗುವುದಿಲ್ಲ.

ಸಭೆ ನಡೆಸುವುದೂ ಒಂದು ಕಸುಬು

ಸಭೆಗೆ ಗೊತ್ತಾದ ದಿನವಿರಲಿ. ಸೋಮವಾರ ಎತ್ತು ಹೂಡದ ಊರುಗಳಲ್ಲಿ ತಿಂಗಳ ಮೊದಲ ಸೋಮವಾರ ಸಂಜೆ ಅನುಕೂಲ. ಹಾಲಿನ ಡೇರಿ ಇರುವ ಊರಿನಲ್ಲಿ ಸಂಜೆಯ ಹಾಲು ಹಾಕಿದ ನಂತರ ಸೇರಬಹುದು. ಸ್ಥಳದ ಆಯ್ಕೆಯಲ್ಲಿ ಎಚ್ಚರ ಬೇಕು. ಒಬ್ಬರ ಮನೆಯ ಜಗಲಿಯಲ್ಲಿ ಸಭೆ ಸೇರಿದರೆ ಆ ಮನೆಯೊಳಗೆ ಕಾಲಿಡಲು ಹಿಂಜರಿಯುವ ಕೇರಿಯವರು ಬರುವುದಿಲ್ಲ, ಬಂದರೂ ದೂರ ನಿಲ್ಲುತ್ತಾರೆ. ದೇವಸ್ಥಾನದ ಅಂಗಳದಲ್ಲೂ ಹಲವು ಊರುಗಳಲ್ಲಿ ಇದೇ ಪರಿಸ್ಥಿತಿ. ಇದನ್ನು ಬಾಯಿಬಿಟ್ಟು ಹೇಳಲು ನಮಗೆ ಸಂಕೋಚ. ಆದರೆ ಅರ್ಧ ಊರು ಹೊರಗೆ ನಿಂತಿರುವ ಸಂಘಕ್ಕೆ ಊರಿನ ಸಂಘವೆಂಬ ಹೆಸರು ಸಲ್ಲದು. ಶಾಲೆ, ಪಂಚಾಯಿತಿ ಕಟ್ಟಡ, ಡೇರಿಯ ಆವರಣ ಇವು ಎಲ್ಲರಿಗೂ ಸೇರಿದ ಜಾಗಗಳು. ಅಲ್ಲಿ ಎಲ್ಲರೂ ಒಂದೇ ಜಮಖಾನದ ಮೇಲೆ ವೃತ್ತಾಕಾರವಾಗಿ ಕೂಡಲಿ.

ಸಭೆಯ ಅಧ್ಯಕ್ಷತೆ ಸರದಿಯಂತೆ ನಡೆಯಲಿ. ಸಂಘದ ಅಧ್ಯಕ್ಷರು ಬೇರೆ, ಆ ದಿನದ ಸಭೆ ನಡೆಸುವವರು ಬೇರೆ ಎಂದಿಟ್ಟುಕೊಳ್ಳಬಹುದು. ನಾಚಿಕೆಯ ಸ್ವಭಾವದವರನ್ನು ಸಭೆಯ ನಡುವೆ "ನೀನೇನಂತೀಯ?" ಎಂದು ತಟ್ಟನೆ ಕೇಳಿದರೆ ಅವರು ತಲೆ ತಗ್ಗಿಸುತ್ತಾರೆ. ಅದರ ಬದಲು ಹಿಂದಿನ ಸಭೆಯಲ್ಲೇ "ಕೈ ಎಡೆಕುಂಟೆಯ ಬೆಲೆ ಮೂರು ಅಂಗಡಿಗಳಲ್ಲಿ ವಿಚಾರಿಸಿಕೊಂಡು ಬಾ" ಎಂದು ಕೆಲಸ ಒಪ್ಪಿಸಿರಿ. ಹೇಳಲು ವಿಷಯವಿದ್ದವನಿಗೆ ಮಾತು ತಾನಾಗಿ ಬರುತ್ತದೆ.

ನಡಾವಳಿಯನ್ನು ಮರುದಿನ ಮನೆಯಲ್ಲಿ ಕುಳಿತು ಬರೆಯುವ ಅಭ್ಯಾಸ ಕೆಟ್ಟದ್ದು. ಸಭೆ ಮುಗಿಯುವ ಮೊದಲೇ ಬರೆದು, ಗಟ್ಟಿಯಾಗಿ ಓದಿ, ಸಹಿ ಹಾಕಿಸಿರಿ. ಯಾವ ಕೆಲಸ, ಯಾರು, ಯಾವ ದಿನದೊಳಗೆ ಎಂಬ ಮೂರೂ ಅದರಲ್ಲಿರಬೇಕು. ಇನ್ನು ಹಣ. ಸಂಘಗಳು ಮುರಿಯುವುದು ಹೆಚ್ಚಾಗಿ ಹಣ ಕದ್ದದ್ದರಿಂದಲ್ಲ, ಲೆಕ್ಕ ಹೇಳದೆ ಅನುಮಾನ ಬೆಳೆದದ್ದರಿಂದ. ಪ್ರತಿ ಸಭೆಯಲ್ಲೂ ನಗದು ಪುಸ್ತಕದ ಶಿಲ್ಕನ್ನು ಓದಿ ಹೇಳಿರಿ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಇರಲಿ, ಆ ಇಬ್ಬರೂ ಒಂದೇ ಮನೆತನದವರಾಗಿರಬಾರದು. ಖಜಾಂಚಿಯ ಕೈಯಲ್ಲಿ ಇಷ್ಟಕ್ಕಿಂತ ಹೆಚ್ಚು ಹಣ ಇರಕೂಡದೆಂದು ಸಭೆಯೇ ಗೊತ್ತುಪಡಿಸಲಿ. ಲೆಕ್ಕ ಬರೆಯುವವರ ಪಕ್ಕದಲ್ಲಿ ಕಲಿಯುವವರೊಬ್ಬರು ಯಾವಾಗಲೂ ಕುಳಿತಿರಲಿ.

ಮಹಿಳೆಯರ ಗುಂಪುಗಳಿಂದ ಕಲಿಯಬೇಕಾದದ್ದು

ಈ ವಿಷಯದಲ್ಲಿ ಗಂಡಸರ ಸಂಘಗಳಿಗಿಂತ ಹೆಣ್ಣುಮಕ್ಕಳ ಗುಂಪುಗಳು ಎಷ್ಟೋ ಮುಂದಿವೆ ಎಂದರೆ ತಪ್ಪಾಗಲಾರದು. 1992ರಲ್ಲಿ ನಬಾರ್ಡ್ 500 ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಕೈಗೊಂಡಿತು. ನಮ್ಮ ರಾಜ್ಯದಲ್ಲಿ 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಆರಂಭವಾಯಿತು. ಹತ್ತರಿಂದ ಇಪ್ಪತ್ತು ಜನ, ವಾರ ವಾರ ಉಳಿತಾಯ, ವಾರ ವಾರ ಸಭೆ. ಚೆನ್ನಾಗಿ ನಡೆಯುವ ಗುಂಪುಗಳಲ್ಲಿ ಪ್ರತಿನಿಧಿಗಳು ವರ್ಷಕ್ಕೋ ಎರಡು ವರ್ಷಕ್ಕೋ ಬದಲಾಗುತ್ತಾರೆ. ಬ್ಯಾಂಕಿಗೆ ಹಣ ಕಟ್ಟಲು ಪ್ರತಿ ಸಲವೂ ಬೇರೆ ಬೇರೆ ಇಬ್ಬರು ಹೋಗುತ್ತಾರೆ. ಒಂದು ವರ್ಷದಲ್ಲಿ ಗುಂಪಿನ ಎಲ್ಲರಿಗೂ ಚಲನ್ ತುಂಬುವ ಜಾಗ, ಮ್ಯಾನೇಜರರ ಕೊಠಡಿ ಪರಿಚಯವಾಗಿರುತ್ತವೆ. ಓದು ಬಾರದ ಸದಸ್ಯೆ ತನ್ನ ಉಳಿತಾಯದ ಮೊತ್ತವನ್ನು ಬಾಯಲ್ಲಿಟ್ಟುಕೊಂಡಿರುತ್ತಾಳೆ, ಶಾಲೆಗೆ ಹೋಗುವ ಮಗಳಿಂದ ಪುಸ್ತಕ ಓದಿಸಿ ತಾಳೆ ನೋಡುತ್ತಾಳೆ. ಒಬ್ಬರೇ ಎಲ್ಲವನ್ನೂ ಹಿಡಿದುಕೊಂಡ ಗುಂಪುಗಳು ಮಾತ್ರ ಯುವಕ ಸಂಘಗಳ ಹಾದಿಯನ್ನೇ ಹಿಡಿದಿವೆ.

1987ರ ಮಂಡಲ ಪಂಚಾಯಿತಿ ಚುನಾವಣೆಗಳಲ್ಲಿ ನಮ್ಮ ರಾಜ್ಯ ಮಹಿಳೆಯರಿಗೆ ಶೇಕಡಾ 25ರಷ್ಟು ಸ್ಥಾನಗಳನ್ನು ಮೀಸಲಿಟ್ಟಿತು. ಈಗ ಅರ್ಧದಷ್ಟು ಸ್ಥಾನಗಳು ಅವರಿಗಿವೆ. ಆದರೂ ಗೆದ್ದವಳು ಮನೆಯಲ್ಲಿ, ಸಭೆಯಲ್ಲಿ ಗಂಡ ಎಂಬ ದೃಶ್ಯ ಇನ್ನೂ ಕಾಣಸಿಗುತ್ತದೆ. ಗುಂಪಿನಲ್ಲಿ ನಾಲ್ಕು ವರ್ಷ ಲೆಕ್ಕ ನೋಡಿದವಳನ್ನು ಹೀಗೆ ಪಕ್ಕಕ್ಕೆ ಸರಿಸುವುದು ಸುಲಭವಲ್ಲ.

ಹಿರಿಯ ಸ್ವಯಂಸೇವಕರಿಗೆ ಒಂದು ಮಾತು

ಯುವಕರನ್ನು ಬೆಳೆಸುವವರು ಊರಿನ ಹಿರಿಯರೇ. ನಿವೃತ್ತ ಶಿಕ್ಷಕರು, ಅನುಭವಿ ರೈತರು, ಡೇರಿಯ ಹಳೆಯ ಕಾರ್ಯದರ್ಶಿಗಳು ಇಂಥವರ ನೆರವಿಲ್ಲದೆ ಹುಡುಗರ ಉತ್ಸಾಹ ಹೆಚ್ಚು ದಿನ ಬಾಳದು. ಬಯಲುಸೀಮೆಯ ಕೆರೆಗಳಲ್ಲಿ ನೀರುಗಂಟಿ ಇದ್ದದ್ದು ನಿಮಗೆ ನೆನಪಿರಬಹುದು. ಕೆರೆಯ ನೀರು ನೋಡಿ ಈ ಸಲ ಎಷ್ಟು ಗದ್ದೆಗೆ ಸಾಲುತ್ತದೆ ಎಂದು ಅಂದಾಜು ಹೇಳುವುದು, ತೂಬು ಎತ್ತಿ ಸರದಿಯಂತೆ ನೀರು ಬಿಡುವುದು, ದೊಡ್ಡವರು ಕರೆದು ಹೇಳಿದರೂ ಸರದಿ ತಪ್ಪಿಸದಿರುವುದು ಅವನ ಕೆಲಸ. ಈ ವಿದ್ಯೆಯನ್ನು ಯಾರೂ ಬರೆದಿಟ್ಟಿಲ್ಲ. ಜೊತೆಯಲ್ಲಿ ಏರಿಯ ಮೇಲೆ ನಡೆದ ಹುಡುಗನಿಗೆ ಮಾತ್ರ ಅದು ದಾಟುತ್ತಿತ್ತು. ಎಲ್ಲೆಲ್ಲಿ ಜೊತೆಗೆ ನಡೆಯುವ ಹುಡುಗನಿರಲಿಲ್ಲವೋ ಅಲ್ಲೆಲ್ಲ ನೀರುಗಂಟಿಯೊಂದಿಗೇ ಅದು ಹೋಯಿತು.

ಹಿರಿಯರಿಗೆ ಅತ್ಯಂತ ಕಷ್ಟವಾದದ್ದು ಸುಮ್ಮನಿರುವುದು. ಹುಡುಗರು ತಡವರಿಸುತ್ತಿದ್ದಂತೆ "ಬಿಡಪ್ಪ, ನಾನೇ ಮಾಡ್ತೀನಿ" ಎನ್ನುವ ಹಿರಿಯರು ಕೆಲಸವನ್ನು ಬೇಗ ಮುಗಿಸುತ್ತಾರೆ, ಹುಡುಗರನ್ನು ಕಲಿಯಗೊಡುವುದಿಲ್ಲ. ಪ್ರಾಣಾಪಾಯವಿರುವ ಕೆಲಸ, ವಿದ್ಯುತ್ತು, ಕೀಟನಾಶಕ ಇವುಗಳಲ್ಲಿ ಕೂಡಲೇ ತಡೆಯಿರಿ. ಉಳಿದೆಡೆ ತಪ್ಪಿದರೂ ತಪ್ಪಲಿ, ಸಭೆಯಲ್ಲಿ ಅವರೇ ವರದಿ ಒಪ್ಪಿಸಲಿ.

ಸ್ವಯಂಸೇವಕರ ವಿಷಯದಲ್ಲಿ ಸಂಘಕ್ಕೂ ಒಂದು ಕರ್ತವ್ಯವಿದೆ. ದುಡಿಯುವವರ ಮೇಲೇ ಹೊರೆ ಹೇರುವುದು ನಮ್ಮ ರೂಢಿ. ಕೆಲಸ ಇಷ್ಟೇ, ಅವಧಿ ಇಷ್ಟು ತಿಂಗಳು ಎಂದು ಮೊದಲೇ ತಿಳಿಸಿರಿ. ಬಿತ್ತನೆ, ಕೊಯ್ಲಿನ ದಿನಗಳಲ್ಲಿ ಯಾರಿಗೂ ಸಂಘದ ಓಡಾಟ ಹಚ್ಚಬೇಡಿರಿ. ತಾಲ್ಲೂಕಿಗೆ ಹೋಗಿಬರುವ ಬಸ್ ಚಾರ್ಜನ್ನು ಸಂಘವೇ ಕೊಡಬೇಕು. ಸೇವೆ ಮಾಡುವವನ ಕೈಯಿಂದ ಹಣವೂ ಹೋದರೆ ಮನೆಯವರು ಎರಡನೆಯ ಸಲ ಕಳುಹಿಸಲಾರರು.

ಅಧಿಕಾರ ಹಸ್ತಾಂತರ

ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ, 1960ರ ಪ್ರಕಾರ 18 ವರ್ಷ ಮೇಲ್ಪಟ್ಟ ಏಳು ಜನ ಸೇರಿ ಸಂಘವನ್ನು ನೋಂದಾಯಿಸಬಹುದು. ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ನಡೆಸಿ ಲೆಕ್ಕಪತ್ರ ಮತ್ತು ಆಡಳಿತ ಮಂಡಳಿಯ ಪಟ್ಟಿಯನ್ನು ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ಅನೇಕ ಸಂಘಗಳು ಇಲ್ಲಿಯೇ ಎಡವುತ್ತವೆ. ಒಬ್ಬರು ಸತತವಾಗಿ ಎರಡು ಅವಧಿಗಿಂತ ಹೆಚ್ಚು ಕಾಲ ಅಧ್ಯಕ್ಷರಾಗಿರಬಾರದೆಂದು ನಿಯಮಾವಳಿಯಲ್ಲೇ ಬರೆದುಕೊಳ್ಳಿರಿ. ಪಂಚಾಯಿತಿ ಚುನಾವಣೆಗೆ ನಿಲ್ಲುವವರು ಮೊದಲು ಸಂಘದ ಹುದ್ದೆ ಬಿಡಲಿ ಎಂಬ ನಿಯಮವೂ ಒಳ್ಳೆಯದು. ಇಲ್ಲವಾದರೆ ಚುನಾವಣೆಯ ಪಕ್ಷಗಳೇ ಸಂಘದ ಪಕ್ಷಗಳಾಗುತ್ತವೆ.

ಅವಧಿ ಮುಗಿಯುವ ಮೊದಲು ಅಧ್ಯಕ್ಷರು ಬೇಕೆಂದೇ ಎರಡು ಸಭೆಗಳಿಗೆ ಹೋಗದಿರಲಿ. ಆ ಸಭೆಗಳು ನಡೆದವೇ, ನಡಾವಳಿ ಬರೆದರೇ, ಒಪ್ಪಿಸಿದ ಕೆಲಸ ಆಯಿತೇ ಎಂಬುದನ್ನು ಆಮೇಲೆ ನೋಡಿದರೆ ಸಂಘದ ಬಲ ತಿಳಿಯುತ್ತದೆ. ಹುದ್ದೆ ವಹಿಸಿಕೊಡುವಾಗ ನೋಂದಣಿ ಪತ್ರ, ನಡಾವಳಿ, ನಗದು ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ಮೊಹರು, ಬೀಗದ ಕೈಗಳು, ಸಿಂಪರಣಾ ಯಂತ್ರ ಮೊದಲಾದ ಸಲಕರಣೆಗಳು ಮತ್ತು ಅವುಗಳ ಸ್ಥಿತಿ ಇವುಗಳ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಬೇಕು. ಹೊಸಬರನ್ನು ಹಳಬರೇ ಒಂದು ದಿನ ಬ್ಯಾಂಕಿಗೂ, ರೈತ ಸಂಪರ್ಕ ಕೇಂದ್ರಕ್ಕೂ, ಪಂಚಾಯಿತಿಗೂ ಕರೆದೊಯ್ದು ಪರಿಚಯಿಸಲಿ.

ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಗ್ರಾಮೀಣ ಯುವಜನರಿಗೆ ಜೇನು ಸಾಕಣೆ, ಅಣಬೆ ಬೇಸಾಯ, ಬೀಜೋತ್ಪಾದನೆ, ಯಂತ್ರಗಳ ದುರಸ್ತಿ ಮುಂತಾದ ತರಬೇತಿಗಳು ನಡೆಯುತ್ತಿರುತ್ತವೆ. ಸಂಘದ ಠರಾವಿನ ಪ್ರತಿಯೊಂದಿಗೆ ನಿಮ್ಮ ಜಿಲ್ಲೆಯ ಕೇಂದ್ರದ ಮುಖ್ಯಸ್ಥರಿಗೆ ಪತ್ರ ಬರೆಯಿರಿ. ತರಬೇತಿಗೆ ಒಬ್ಬರನ್ನಲ್ಲ, ಇಬ್ಬರನ್ನು ಕಳುಹಿಸಿರಿ. ಆ ಇಬ್ಬರಲ್ಲಿ ಅಧ್ಯಕ್ಷರು ಇರುವುದು ಬೇಡ, ಹಿಂದೆ ಹೋಗಿ ಬಂದವರೂ ಬೇಡ. ಹಿಂದಿರುಗಿದ ಒಂದು ವಾರದೊಳಗೆ ಅವರು ಕಲಿತದ್ದನ್ನು ಊರಿನಲ್ಲಿ ಎಲ್ಲರೆದುರು ಕೈಯಾರೆ ಮಾಡಿ ತೋರಿಸುವ ದಿನವನ್ನು, ಅವರು ಬಸ್ ಹತ್ತುವ ಮೊದಲೇ ನಡಾವಳಿಯಲ್ಲಿ ಬರೆದಿಡಿರಿ.